ಶೋಭಾರಾಣಿ ನಿಲಯ

ಡಿಸೆಂಬರ್ ೮, ಸೋಮವಾರ

ಬಿ.ಪಿ. ಏರಿದೆಯಂತೆ. ಡಾಕ್ಟರು ಮಾತ್ರೆ ಬರೆದುಕೊಟ್ಟು, "ಎಲ್ಲಾ ಮನಸ್ಸಲ್ಲೇ ಇಟ್ಕೊಂಡು ಕೊರಗಬೇಡಿ, ಯಾರ ಹತ್ರನಾದ್ರೂ ಹೇಳ್ಕೊಳ್ಳಿ" ಎಂದರು. ಯಾರ ಹತ್ತಿರ ಹೇಳಿಕೊಳ್ಳಲಿ? ಇವರು ಬೆಳಿಗ್ಗೆ ಹಿರಿಯೂರಿನ ಬಸ್ಸು ಹತ್ತಿದರೆ ಟೈರ್ ಅಂಗಡಿಯ ಕೆಲಸ ಮುಗಿಸಿ ಬರುವಷ್ಟರಲ್ಲಿ ಕತ್ತಲಾಗಿರುತ್ತದೆ. ಬೃಂದಾಳಿಗೆ ಸೆಕೆಂಡ್ ಪಿಯುಸಿ. ನಾನು ಬಾಯಿ ತೆರೆದರೆ ಸಾಕು, ಪುಸ್ತಕದಿಂದ ತಲೆ ಎತ್ತದೆಯೇ "ಅಮ್ಮಾ, ಮತ್ತೆ ಶುರು ಮಾಡ್ಬೇಡ" ಅನ್ನುತ್ತಾಳೆ. ಡಾಕ್ಟರು ಹೀಗಂದರು ಎಂದು ಇವರಿಗೆ ಹೇಳಿದ್ದಕ್ಕೆ, ಅಂಗಡಿಯಲ್ಲಿ ಬಿದ್ದಿದ್ದ ಟೈರ್ ಕಂಪನಿಯ ಡೈರಿ ತಂದು ಮುಂದಿಟ್ಟು, "ಇದರ ಹತ್ರ ಹೇಳ್ಕ" ಎಂದರು. ವರ್ಷ ಮುಗಿಯುವಾಗ ಡೈರಿ! ಖಾಲಿ ಇರುವ ಹಿಂದಿನ ಹಾಳೆಗಳಲ್ಲೇ ತಾರೀಖು ತಿದ್ದಿಕೊಂಡು ಬರೆಯುತ್ತೇನೆ. ಬಟ್ಟೆಯಾಗಲಿ ಹಾಳೆಯಾಗಲಿ ದಂಡ ಮಾಡುವುದು ನನ್ನಿಂದಾಗದು.

ಇವತ್ತು ಎದೆ ಹೊಡೆದುಕೊಂಡದ್ದು ಏಕಾಂತಮ್ಮಜ್ಜಿಯ ದೆಸೆಯಿಂದ. ಓಣಿಯ ಕೊನೆಮನೆಯ ಅಜ್ಜಿ. ಮಧ್ಯಾಹ್ನ ಬಚ್ಚಲಲ್ಲಿ ಜಾರಿ ಬಿದ್ದರು. ೧೦೮ ಗಾಡಿ ಬೇಗನೇ ಬಂತು, ಮನೆ ಮಾತ್ರ ಸಿಗಲಿಲ್ಲ. ಈ ಹುಣಸೆಮರದ ಓಣಿಯಲ್ಲಿ ಒಂದೊಂದು ಬಾಗಿಲಿಗೂ ಮೂರು ನಾಲ್ಕು ನಂಬರು. ಜನಗಣತಿಯವರು ಬರೆದದ್ದು, ಕರೆಂಟಿನವರು ಬರೆದದ್ದು, ಪೋಲಿಯೋ ಹನಿಯವರು ಸೀಮೆಸುಣ್ಣದಲ್ಲಿ ಗೀಚಿದ್ದು. ಡ್ರೈವರು ನಾನು ಹೊಲಿಯುತ್ತಾ ಕೂತಿದ್ದ ಕಿಟಕಿಯ ಮುಂದೆ ನಿಲ್ಲಿಸಿ, "ಹದಿನಾಲ್ಕು ಯಾವ್ದ್ರೀ?" ಎಂದು ಕೂಗಿದ. ಏಕಾಂತಮ್ಮನ ಮನೆ ಯಾವುದು ಎಂದಿದ್ದರೆ ಕೈ ತೋರಿಸುತ್ತಿದ್ದೆ. ನಂಬರು ಕೇಳಿದ್ದಕ್ಕೆ ಬಾಯಿ ಕಟ್ಟಿಹೋಯಿತು. ನನ್ನ ಬಾಗಿಲ ಮೇಲೂ ಒಂದು ಹದಿನಾಲ್ಕು ಇದೆ! ಅಷ್ಟರಲ್ಲಿ ಶಾಂತಕ್ಕ ಓಡಿಬಂದು ಗಾಡಿಯನ್ನು ಕರೆದುಕೊಂಡು ಹೋದರು. ಶಾಂತಕ್ಕ ನರ್ಸ್ ಆಗಿ ರಿಟೈರ್ ಆದವರು. ಅವರ ದನಿ ಇನ್ನೂ ರಿಟೈರ್ ಆಗಿಲ್ಲ. ಪುಣ್ಯಕ್ಕೆ ಅಜ್ಜಿಯ ಕೈಗೆ ಪಟ್ಟಿ ಕಟ್ಟುವುದರಲ್ಲಿ ಮುಗಿಯಿತು.

ಸಂಜೆ ಶಾಂತಕ್ಕ ಮನೆಮನೆಗೂ ಬಂದು, ಭಾನುವಾರ ತಿಪ್ಪೆಯ ಹತ್ತಿರ ಎಲ್ಲರೂ ಸೇರಬೇಕು, ಓಣಿಗೆ ಏನಾದರೂ ಮಾಡಬೇಕು ಎಂದರು.

"ನಮಗ್ಯಾಕಕ್ಕ ಅದೆಲ್ಲ. ನಾವು ಬಾಡಿಗೆಯೋರು" ಎಂದೆ.

ಅವರು ನನ್ನನ್ನೊಮ್ಮೆ, ನನ್ನ ಬೆನ್ನ ಹಿಂದಿನ ಗೋಡೆಯನ್ನೊಮ್ಮೆ ನೋಡಿ ಹೋದರು. ಗೋಡೆಯಲ್ಲಿ ನೋಡಲು ಏನಿದೆ? ಹನ್ನೊಂದು ವರ್ಷದ ಹಿಂದೆ ಕೀಲಿ ಕೊಡುವಾಗ ಮಾಲೀಕರಾದ ಹೊಸದುರ್ಗದ ಮೂರ್ತಪ್ಪನವರು ಹೇಳಿದ್ದು ಒಂದೇ ಮಾತು: "ಗ್ವಾಡೆಗೆ ಮೊಳೆ ಹೊಡೀಬ್ಯಾಡ್ರಿ." ಹೊಡೆದಿಲ್ಲ. ಕ್ಯಾಲೆಂಡರು ಕಿಟಕಿಯ ಸರಳಿಗೆ ಕಟ್ಟಿದೆ. ಮದುವೆ ಫೋಟೋ ಬೀರುವಿನಲ್ಲಿ ಸೀರೆಗಳ ಕೆಳಗೆ ಮಲಗಿದೆ. ಬಾಡಿಗೆ ಮನೆ ಎಂದ ಮೇಲೆ ಹಾಗೇ ಇರಬೇಕು, ನಾವಿದ್ದ ಗುರುತು ಕಾಣಬಾರದು.

ಡಿಸೆಂಬರ್ ೧೪, ಭಾನುವಾರ

ಹೋಗಬಾರದು ಅಂದುಕೊಂಡಿದ್ದೆ. ಶಾಂತಕ್ಕ ರವಿಕೆ ಆಯಿತಾ ಎಂದು ಕೇಳುವ ನೆಪದಲ್ಲಿ ಬಂದು ಕೈ ಹಿಡಿದು ಎಳೆದುಕೊಂಡೇ ಹೋದರು. ಹಿಂದೆ, ಗೋಡೆಯ ಪಕ್ಕ ನಿಂತುಕೊಂಡೆ.

ಹುಣಸೆಮರ ಯಾವ ಕಾಲದಲ್ಲೋ ಹೋಗಿದೆ. ಅದರ ಜಾಗದಲ್ಲಿ ಈಗ ತಿಪ್ಪೆ, ನಾಲ್ಕು ಓಣಿಯವರು ಸುರಿಯುವ ಕಸ. ಅದನ್ನು ಎತ್ತಿಸಿ ಕೂರಲು ಕಲ್ಲುಬೆಂಚು ಹಾಕಿಸುವುದಂತೆ, ಒಂದು ಸಸಿ ನೆಡುವುದಂತೆ. ಏಕಾಂತಮ್ಮಜ್ಜಿಗೆ ಆದದ್ದು ಇನ್ನೊಬ್ಬರಿಗೆ ಆಗದಂತೆ ಪ್ರತಿ ಮನೆಯ ಮುಂದೆ ಹೆಸರು ಬರೆಸುವುದಂತೆ. ಯಾರ ಹೆಸರು ಎಂಬುದಕ್ಕೆ ಗಲಾಟೆಯಾಯಿತು. ಯಜಮಾನರ ಹೆಸರು ಎಂದು ಯಾರೋ ಅಂದರು.

"ಬಾಗಿಲು ಬಡಿದ್ರೆ ನಿಮ್ಮನೇಲಿ ಯಾರ್ರೀ ಬಂದು ತೆಗಿಯೋದು?" ಎಂದರು ಶಾಂತಕ್ಕ.

"ನಮ್ಮ ಮನೆಯೋಳು."

"ಹಂಗಾದ್ರೆ ಅವಳ ಹೆಸರು."

ಬರೆಯುವ ಕೆಲಸ ಸಲೀಂ ಭಾಯಿಯದು. ಒಂದು ಕಾಲಕ್ಕೆ ಚಿತ್ರದುರ್ಗದ ಅರ್ಧ ಅಂಗಡಿಗಳ ಬೋರ್ಡು ಅವರೇ ಬರೆದದ್ದು. ಫ್ಲೆಕ್ಸ್ ಬಂದ ಮೇಲೆ ಬ್ರಷ್ಷುಗಳೆಲ್ಲ ಒಣಗಿ ಕಡ್ಡಿಯಾಗಿವೆ, ಈಗ ಬೈಕುಗಳಿಗೆ ಸ್ಟಿಕರ್ ಅಂಟಿಸುತ್ತಾರೆ. ಅವರ ಹೆಂಡತಿ ಮಲೀಕಾ ನನ್ನ ಗಿರಾಕಿ. "ಯಜಮಾನ್ರ ಮುಖ ನೋಡ್ರಕ್ಕ, ಎಷ್ಟು ದಿನ ಆಗಿತ್ತು ಹಿಂಗೆ ನಕ್ಕು" ಎಂದು ಕಿವಿಯಲ್ಲಿ ಹೇಳಿದಳು.

ನಮ್ಮ ಮನೆಗೆ ಬೇಡ ಎಂದು ಅಲ್ಲೇ ಹೇಳಬೇಕಿತ್ತು. ಅಷ್ಟು ಜನರ ಮಧ್ಯೆ ಬಾಯಿ ಬರಲಿಲ್ಲ. ಈಗ ಕುಳಿತು ಯೋಚನೆ ಮಾಡುತ್ತಿದ್ದೇನೆ. ಮೂರ್ತಪ್ಪನವರಿಗೆ ಫೋನ್ ಮಾಡಿ ಕೇಳಲೇ? ಕೇಳಿದರೆ ಬೇಡ ಅನ್ನುತ್ತಾರೆ, ಬೇಡ ಅಂದರೆ ಶಾಂತಕ್ಕನಿಗೆ ಏನು ಹೇಳುವುದು? ಮಾತ್ರೆ ನುಂಗಿದೆ.

ಡಿಸೆಂಬರ್ ೨೧, ಭಾನುವಾರ

ಮಾನ ಹೋಯಿತು.

ತಿಪ್ಪೆ ಎತ್ತುವುದು ಇವತ್ತು. ಅವರೆಲ್ಲ ಬೆಳಿಗ್ಗೆಯೇ ಸಲಿಕೆ, ಬುಟ್ಟಿ ಹಿಡಿದು ಹೋದರು. ನಾನು ಮೆಷಿನ್ ಮುಂದೆ ಕೂತು ಕೆಲಸವಿದೆ ಎಂದು ತೋರಿಸಿಕೊಂಡೆ. ಸ್ವಲ್ಪ ಹೊತ್ತಿಗೆ ನಗು ಕೇಳಿಸಿತು. ಕಿಟಕಿಯಲ್ಲಿ ಇಣುಕಿದರೆ, ತಿಪ್ಪೆಯ ಒಳಗಿನಿಂದ ಬಣ್ಣಬಣ್ಣದ ಚೂರು ಬಟ್ಟೆ ಬರುತ್ತಿದೆ. ಮೆಂತ್ಯ ಬಣ್ಣ, ರಾಣಿ ಬಣ್ಣ, ಜರಿಯಂಚು, ಬುಟ್ಟಿಗಟ್ಟಲೆ! ಈ ಓಣಿಯಲ್ಲಿ ಹೊಲಿಯುವವಳು ನಾನೊಬ್ಬಳೇ.

"ಇದು ನನ್ನ ಮಗಳ ಸೀಮಂತದ ರವಿಕೇದಲ್ವೇನೇ?" ಎಂದು ಏಕಾಂತಮ್ಮಜ್ಜಿ ಪಟ್ಟಿ ಕಟ್ಟಿದ ಕೈಯಲ್ಲಿ ಒಂದು ಚೂರು ಎತ್ತಿ ಹಿಡಿದು, ನನ್ನ ಕಿಟಕಿಯ ಕಡೆಗೇ ಕೂಗಿದರು. "ತುಂಡು ಉಳೀಲೇ ಇಲ್ಲ ಅಂದಿದ್ದೆ!"

ಮುಖ ಎಲ್ಲಿಡುವುದು ತಿಳಿಯಲಿಲ್ಲ. ಸೆರಗು ಸಿಕ್ಕಿಸಿ ಹೋಗಿ ಬುಟ್ಟಿ ಹಿಡಿದೆ. ಸಂಜೆಯವರೆಗೆ ಯಾರ ಮುಖವನ್ನೂ ನೋಡದೆ ಹೊತ್ತೆ. ಯಾರೂ ಏನೂ ಅನ್ನಲಿಲ್ಲ. ಮಲೀಕಾ ಚಹಾ ತಂದಳು. ಈಗ ಸೊಂಟ ಎತ್ತಲಾಗುತ್ತಿಲ್ಲ.

ಜನವರಿ ೪, ಭಾನುವಾರ

ಲೈನಿಂಗ್ ಬಟ್ಟೆ ತರಲು ಪೇಟೆಗೆ ಹೋಗಿದ್ದೆ. ಬರುವಷ್ಟರಲ್ಲಿ ಬರೆದಾಗಿತ್ತು.

ಮಾತಾಗಿದ್ದದ್ದು ಬರೀ ಹೆಸರು. ಶಾಂತಕ್ಕನ ಮನೆಗೆ ಶಾಂತಕ್ಕ, ಸಲೀಂ ಭಾಯಿಯ ಸ್ವಂತ ಮನೆಗೂ ಬರೀ ಮಲೀಕಾ. ನನ್ನ ಬಾಗಿಲ ಪಕ್ಕದ ಗೋಡೆಗೆ ಕಡುನೀಲಿಯಲ್ಲಿ, ಕೆಳಗೆ ಬಳ್ಳಿ ಎಳೆದು, ದೊಡ್ಡದಾಗಿ: ಶೋಭಾರಾಣಿ ನಿಲಯ.

"ನಿಮ್ ಗೋಡೆ ಅಗಲ ಐತಲ್ಲಕ್ಕ, ಬರೀ ಹೆಸರು ಬರೆದ್ರೆ ಬೋಳು ಕಾಣ್ತಿತ್ತು" ಎಂದರು ಸಲೀಂ ಭಾಯಿ, ಬ್ರಷ್ಷು ಒರೆಸುತ್ತಾ. "ಮನೆಗೆ ಬರಿಯೋದು ಅಂದ್ರೆ ನಿಲಯ ಹಾಕೇ ನಂಗೆ ಅಭ್ಯಾಸ. ಹೆಂಗೈತೆ?"

ಹೇಗಿದೆ ಎಂದು ಹೇಳಲಿ! ನಿಲಯ ಎಂದು ಬರೆಸುವವರು ಮನೆ ಕಟ್ಟಿಸಿದವರು. ಗೃಹಪ್ರವೇಶ ಮಾಡಿ, ನೆಂಟರಿಗೆ ಊಟ ಹಾಕಿಸಿ, ಮುಂಬಾಗಿಲ ಮೇಲೆ ಕೆತ್ತಿಸುತ್ತಾರೆ. ಒಂದು ಮೊಳೆ ಹೊಡೆಯುವ ಹಕ್ಕಿಲ್ಲದವಳ ಹೆಸರಿಗೆ ನಿಲಯವೇ? ಅಳಿಸಿ ಎನ್ನಬೇಕು ಎಂದುಕೊಂಡೆ. ಸುಳ್ಳು ಯಾಕೆ ಬರೆಯಲಿ, ಅಳಿಸಿ ಎನ್ನಲು ಮನಸ್ಸೂ ಬರಲಿಲ್ಲ. ಹಾಲು ತರಲು ಹೋದಾಗ ನೋಡಿದೆ, ಕಸ ಹಾಕಲು ಹೋದಾಗ ನೋಡಿದೆ, ಕೆಲಸವಿಲ್ಲದೆಯೂ ಒಂದು ಸಲ ಹೊರಗೆ ಹೋಗಿ ನೋಡಿದೆ. 'ಭಾ' ಅಕ್ಷರದ ಹೊಟ್ಟೆ ಎಷ್ಟು ಚೆನ್ನಾಗಿ ಬಂದಿದೆ. ಇವರು ಬಂದವರೇ ಬಾಗಿಲಲ್ಲಿ ನಿಂತು ಓದಿ, "ಒಳಗೆ ಬರಬಹುದಾ ಮಾಲೀಕರೇ?" ಎಂದರು. ಬೃಂದಾ ನಕ್ಕೂ ನಕ್ಕೂ ಸುಸ್ತಾದಳು.

ನಗುವುದೇನೋ ನಕ್ಕೆವು. ಮೂರ್ತಪ್ಪನವರು ವರ್ಷಕ್ಕೊಂದೆರಡು ಸಲ ಬರುತ್ತಾರೆ. ಅಷ್ಟರೊಳಗೆ ಏನಾದರೂ ಮಾಡಬೇಕು.

ಜನವರಿ ೮, ಗುರುವಾರ

ಪೇಪರಿನ ಜಿಲ್ಲಾ ಪುಟದಲ್ಲಿ ಓಣಿಯ ಫೋಟೋ ಬಂದಿದೆ. 'ತಿಪ್ಪೆ ಹೋಯ್ತು, ಹೆಸರು ಬಂತು.' ಶಾಂತಕ್ಕ ನಿಂತಿರುವುದು ನನ್ನ ಗೋಡೆಯ ಮುಂದೆ! ಅಷ್ಟು ಮನೆಗಳಿರುವಾಗ ಆ ಫೋಟೋದವನಿಗೆ ಅದೇ ಬೇಕಿತ್ತೇ? ಅಕ್ಷರ ಚೆನ್ನಾಗಿ ಕಾಣುತ್ತದೆ ಎಂದನಂತೆ. ಎಲ್ಲರೂ ಮೊಬೈಲಿನಲ್ಲಿ ಎಲ್ಲರಿಗೂ ಕಳಿಸುತ್ತಿದ್ದಾರೆ.

ಹೊಸದುರ್ಗಕ್ಕೂ ಇದೇ ಪೇಪರು ಹೋಗುತ್ತದೆ.

ಜನವರಿ ೯, ಶುಕ್ರವಾರ

ಫೋನ್ ಬಂದಾಗಲೆಲ್ಲ ಜೀವ ಬಾಯಿಗೆ ಬರುತ್ತಿದೆ. ಒಂದು ರವಿಕೆಗೆ ಎಡಗೈ ತೋಳನ್ನೇ ಎರಡು ಕತ್ತರಿಸಿದೆ.

ಜನವರಿ ೧೦, ಶನಿವಾರ

ಬಂತು. "ಶೋಭಮ್ಮ, ಪೇಪರ್‌ನಾಗೆ ನಮ್ಮ ಮನೆ ಬಂದೈತಂತೆ. ನಾಳೆ ಬರ್ತೀನಿ" ಎಂದಷ್ಟೇ ಹೇಳಿ ಇಟ್ಟರು.

ಥಿನ್ನರ್ ತಂದು ಉಜ್ಜಿದೆ. ನೀಲಿ ಹೋಯಿತು. ಅದರ ಜೊತೆ ಕೆಳಗಿದ್ದ ಹಳೆಯ ಹಳದಿ ಪೇಂಟೂ ಹೋಗಿ ಸುಣ್ಣ ಕಂಡಿತು. ಈಗ ಹಳದಿ ಗೋಡೆಯ ಮೇಲೆ ಬೆಳ್ಳಗೆ ಶೋಭಾರಾಣಿ ನಿಲಯ. ಮೊದಲಿಗಿಂತ ದೂರಕ್ಕೆ ಕಾಣುತ್ತದೆ.

ಜನವರಿ ೧೧, ಭಾನುವಾರ

ಯಾವಾಗಲೂ ತರುವಂತೆ ಚೀಲದ ತುಂಬ ತೆಂಗಿನಕಾಯಿ ತಂದಿದ್ದರು. ಒಳಗೆ ಕೂರಲಿಲ್ಲ. ಗೋಡೆಯ ಮುಂದೆ ನಿಂತು ಓದಿದರು. ಬೆರಳಿನಿಂದ ಅಕ್ಷರ ಮುಟ್ಟಿದರು.

"ಸಲೀಂ ಭಾಯಿ ತಪ್ಪಿ ಬರೆದ್ರು. ನಾನು ಹೇಳಿದ್ದಲ್ಲ ಯಜಮಾನ್ರೇ. ನೋಡ್ರಿ, ಅಳಿಸಿಬಿಟ್ಟಿದೀನಿ" ಎಂದೆ.

"ನೀನು ಬರೆಸಿದೆ ಅಂತ ನಾನಂದ್ನೇನಮ್ಮ? ಇದನ್ನ ನೋಡಿದ್ರೆ ಅಳಿಸಿದ್ದು ಯಾಕೆ ಅಂತಾನೆ ನನ್ ಮಗ. ತಪ್ಪಿಲ್ದಿದ್ರೆ ಯಾಕೆ ಅಳಿಸ್ತಾರೆ ಅಂತಾನೆ."

ಥಿನ್ನರ್ ವಾಸನೆಯ ಕೈಯನ್ನು ಸೆರಗಿಗೆ ಒರೆಸಿಕೊಂಡೆ.

"ಹೊಳಲ್ಕೆರೆಯಾಗೆ ನಮ್ಮಕ್ಕಂದು ಒಂದು ಮನೆ ಇತ್ತು ಕಣಮ್ಮ" ಎಂದರು. "ಬಾಡಿಗೆಯೋರು ಮೊದ್ಲು ಹೆಸರು ಬರೆಸಿದ್ರು. ಆಮ್ಯಾಕೆ ಕರೆಂಟ್ ಬಿಲ್ಲು ಅವರ ಹೆಸರಿಗೆ ಆತು. ಆಮ್ಯಾಕೆ ಕೋರ್ಟು. ಅಕ್ಕ ಕೋರ್ಟಿಗೆ ಅಲೆದೂ ಅಲೆದೂ ಹೋಗ್ಬಿಟ್ಲು, ಮನೆ ಕೈಗೆ ಬರ್ಲಿಲ್ಲ. ನೀನು ಅಂಥೋಳಲ್ಲ ಅಂತ ಗೊತ್ತು. ಗೊತ್ತಿದ್ರೂ ಭಯ ಆಗ್ತೈತೆ. ಮಗಳ ಪರೀಕ್ಷೆ ಮುಗಿಸ್ಕ. ಉಗಾದಿಗೆ ಖಾಲಿ ಮಾಡ್ಕೊಡು."

ಹೇಳಿ ಮುಗಿಸಿ ಕಾಯಿಯ ಚೀಲ ನನ್ನ ಕೈಗೇ ಕೊಟ್ಟರು. ಬೈದಿದ್ದರೆ ನಾನೂ ಎರಡು ಮಾತು ಆಡಬಹುದಿತ್ತು. ಭಯ ಎಂದವರ ಹತ್ತಿರ ಹೇಗೆ ಜಗಳವಾಡುವುದು? ಆ ಕಾಯಿಲೆ ನನಗೆ ಗೊತ್ತಿಲ್ಲದ್ದೇ? ಆಗಲಿ ಎಂದೆ. ಬಸ್ಸಿಗೆ ಹೊತ್ತಾಯಿತು ಎಂದು ಹೊರಟುಹೋದರು.

ಬಾಗಿಲು ಹಾಕಿಕೊಂಡು ಅತ್ತೆ.

ಜನವರಿ ೧೫, ಗುರುವಾರ. ಸಂಕ್ರಾಂತಿ

ಎಳ್ಳುಬೆಲ್ಲ ಬೀರಲು ಹೋಗಲಿಲ್ಲ. ಬಂದವರಿಗೆ ತಲೆನೋವು ಎಂದೆ. ನಿಲಯವಂತೆ ನಿಲಯ! ನನ್ನ ಪಾಡಿಗೆ ನಾನಿದ್ದೆ. ಯಾರ ಕಣ್ಣಿಗೂ ಬೀಳದೆ ಇನ್ನೂ ಹತ್ತು ವರ್ಷ ಇರುತ್ತಿದ್ದೆ. ಊರ ಉಸಾಬರಿಗೆ ಹೋದದ್ದಕ್ಕೆ ಸರಿಯಾಗಿ ಆಯಿತು. ಶಾಂತಕ್ಕನ ಮೇಲೆ ಎಷ್ಟು ಸಿಟ್ಟು ಬರುತ್ತಿದೆ ಎಂದರೆ ಅವರ ರವಿಕೆಗೆ ಹುಕ್ಸು ಹಾಕದೆ ಹಾಗೇ ಬಿಟ್ಟಿದ್ದೇನೆ.

ಮನೆ ಬಿಡುವ ವಿಷಯ ಯಾರಿಗೂ ಹೇಳಿಲ್ಲ.

ಜನವರಿ ೨೦, ಮಂಗಳವಾರ

"ಹಿರಿಯೂರಿಗೇ ಹೋಗಾಣ ಬಿಡು. ನಂಗೂ ಬಸ್ಸು ತಪ್ಪುತ್ತೆ" ಎಂದರು ಇವರು. ಇವರಿಗೆ ಎಲ್ಲವೂ ಸುಲಭ.

ಈ ಓಣಿಯ ಹೆಂಗಸರ ಅಳತೆಯೆಲ್ಲ ನನ್ನ ತಲೆಯಲ್ಲಿದೆ. ಅಳತೆ ರವಿಕೆ ಕೂಡ ತರದೆ, ಬಟ್ಟೆಯನ್ನು ಕಿಟಕಿಯಲ್ಲಿ ಎಸೆದು "ಶುಕ್ರವಾರಕ್ಕೆ ಬೇಕು" ಎಂದು ಹೋಗುತ್ತಾರೆ. ಮಲೀಕಾಗೆ ಒಂದು ಭುಜ ಇಳಿಜಾರು, ಶಾಂತಕ್ಕನಿಗೆ ಕುತ್ತಿಗೆ ಬಿಗಿಯಿದ್ದರೆ ಉಸಿರು ಕಟ್ಟುತ್ತದೆ, ಏಕಾಂತಮ್ಮಜ್ಜಿ ವರ್ಷ ವರ್ಷ ಸಣ್ಣಗಾಗುತ್ತಿದ್ದಾರೆ. ಹಿರಿಯೂರಿನಲ್ಲಿ ಯಾರ ಭುಜ ಹೇಗಿದೆ ಎಂದು ನನಗೇನು ಗೊತ್ತು? ಯಾರು ನನ್ನ ಕಿಟಕಿಗೆ ಬಟ್ಟೆ ಎಸೆಯುತ್ತಾರೆ?

ಹಾಗೆಂದು ಇಲ್ಲಿ ಯಾವ ಮುಖ ಇಟ್ಟುಕೊಂಡು ಮನೆ ಹುಡುಕುವುದು.

ಫೆಬ್ರವರಿ ೧, ಭಾನುವಾರ

ಬೃಂದಾ ಬಾಯಿಬಿಟ್ಟಿದ್ದಾಳೆ. ಶಾಂತಕ್ಕನ ಮನೆಗೆ ಓದಲು ಹೋದಾಗ ಅವರ ಮುಂದೆ ಅತ್ತಳಂತೆ. ಪರೀಕ್ಷೆ ಹತ್ತಿರ ಬಂದ ಮಗು ಮನೆಯ ಚಿಂತೆ ಹಚ್ಚಿಕೊಂಡು ಕೂತಿದೆ, ನಾನು ಗಮನಿಸಲೇ ಇಲ್ಲ. ನನ್ನ ಚಿಂತೆಯೇ ನನಗೆ ದೊಡ್ಡದಾಯಿತು.

ಸಲೀಂ ಭಾಯಿ ಬಂದರು. ಒಳಗೆ ಬರ್ರಿ ಎಂದರೂ ಬರಲಿಲ್ಲ. ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕೂತರು.

"ಒಂದ್ ಪದ ಜಾಸ್ತಿ ಬರ್ದೆ ಅಕ್ಕ. ಬಹಳ ದಿನದ ಮೇಲೆ ಬ್ರಷ್ಷು ಹಿಡಿದಿದ್ದೆ ನೋಡ್ರಿ, ಕೈ ನಿಲ್ಲಲಿಲ್ಲ."

ಬೈಯಲು ಎಷ್ಟು ಮಾತು ಕೂಡಿಟ್ಟುಕೊಂಡಿದ್ದೆ. ಒಂದೂ ಬರಲಿಲ್ಲ. "ಅಕ್ಷರ ಚೆನ್ನಾಗಿತ್ತು ಬಿಡ್ರಿ" ಎಂದುಬಿಟ್ಟೆ.

ಸಂಜೆ ಶಾಂತಕ್ಕ ಬಂದು, "ಮುಂದಿನ ಭಾನುವಾರ ಹೊಸದುರ್ಗಕ್ಕೆ ಹೋಗಾಣ. ಎಲ್ಲಾ ಹೋಗಾಣ" ಎಂದರು. ನಾನೊಬ್ಬಳೇ ಹೋಗಿ ಬೇಡಿಕೊಳ್ಳುತ್ತೇನೆ ಎಂದೆ. "ನೀನೊಬ್ಬಳೇ ಹೋದ್ರೆ ಬಾಡಿಗೆಯೋಳು. ಎಲ್ಲಾ ಹೋದ್ರೆ ಓಣಿ. ಸುಮ್ನಿರು" ಎಂದರು. ಅವರ ರವಿಕೆಗೆ ಹುಕ್ಸು ಹಾಕಿ ಕೊಟ್ಟೆ.

ಫೆಬ್ರವರಿ ೮, ಭಾನುವಾರ

ಎಲ್ಲ ಸರಿಹೋಗುತ್ತಿತ್ತು. ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ.

ಶಾಂತಕ್ಕ, ಮಲೀಕಾ, ನಾನು ಹೋದೆವು. ಏಕಾಂತಮ್ಮಜ್ಜಿ ಬೇಡವೆಂದರೂ ಕೋಲು ಹಿಡಿದು ಬಸ್ಸು ಹತ್ತಿದರು. ತನ್ನಿಂದಲೇ ಈ ಹೆಸರು ಬರೆಸುವ ಕೆಲಸ ಶುರುವಾದದ್ದು, ತಾನೇ ಮುಗಿಸಬೇಕು ಎಂದು ಅವರ ಹಟ. ಮೂರ್ತಪ್ಪನವರ ಮನೆ ತೆಂಗಿನ ತೋಟದ ಅಂಚಿಗೆ. ಅವರ ಹೆಂಡತಿ ಉಚ್ಚಂಗಮ್ಮ ಬಾಗಿಲಿಗೆ ಬಂದು, "ಬರ್ರಿ, ಕುಂತ್ಕಳ್ರಿ, ಬಿಸಿಲಾಗೆ ಬಂದೀರಿ" ಎಂದು ಎಳನೀರು ಕೊಟ್ಟು, ರೊಟ್ಟಿ ಬಡಿಯಲು ಕೂತೇಬಿಟ್ಟರು. ಊಟ ಹಾಕುವ ಮನೆ ಮೇಲೆ ಸಿಟ್ಟು ಮಾಡುವುದು ಹೇಗೆ?

ಶಾಂತಕ್ಕ ಚೆನ್ನಾಗಿಯೇ ಮಾತಾಡಿದರು. ಗೋಡೆಗೆ ಹೊಸ ಬಣ್ಣ ಹೊಡೆಸಿಕೊಡುತ್ತೇವೆ, ನಿಲಯ ಎಂದು ಬರೆದದ್ದು ಕೈತಪ್ಪು ಎಂದು ಬೇಕಾದರೆ ಓಣಿಯವರೆಲ್ಲ ರುಜು ಹಾಕುತ್ತೇವೆ ಎಂದರು. ಮೂರ್ತಪ್ಪನವರು ಮೆತ್ತಗಾಗುತ್ತಿದ್ದರು. "ಹೋಗ್ಲಿ ಬಿಡ್ರಿ, ಮಗ್ನಿಗೆ ನಾನು ಹೇಳ್ತೀನಿ" ಎನ್ನುವಲ್ಲಿಯವರೆಗೆ ಬಂದಿದ್ದರು. ಉಚ್ಚಂಗಮ್ಮ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು.

ಆಗ ಏಕಾಂತಮ್ಮಜ್ಜಿಗೆ ಸಂತೋಷ ತಡೆಯಲಾಗಲಿಲ್ಲ. "ಮತ್ತಿನ್ನೇನಪ್ಪಾ! ಅದು ನಮ್ ಶೋಭಾನ ಮನೆ. ಅವಳ ಮನೆ ಬಿಟ್ಟು ಅವಳು ಎಲ್ಲಿಗೋಗ್ತಾಳೆ?"

ಮೂರ್ತಪ್ಪನವರ ಕೈಯ ತುತ್ತು ಅಲ್ಲೇ ನಿಂತಿತು.

ಅಜ್ಜಿ ಹೇಳಿದ್ದರಲ್ಲಿ ತಪ್ಪೇನಿದೆ? ಯಾರನ್ನು ಕೇಳಿದರೂ ಶಾಂತಕ್ಕನ ಮನೆ, ಶೋಭಾ ಮನೆ ಎಂದೇ ಹೇಳುವುದು. ಇದ್ದವರ ಹೆಸರಿಗೇ ಮನೆ. ಆದರೆ ಅವರ ಕಿವಿಗೆ ಬಿದ್ದದ್ದು ಬೇರೆ. "ಕೇಳಿದ್ಯಾ?" ಎಂದು ಹೆಂಡತಿಯ ಮುಖ ನೋಡಿದರು. "ಅವತ್ತು ಅಕ್ಕನ ಮನೇದೂ ಅಕ್ಕಪಕ್ಕದೋರು ಹಿಂಗೇ ಅಂದಿದ್ರು." ಕೈ ತೊಳೆದು ಎದ್ದರು. ಆಮೇಲೆ ಶಾಂತಕ್ಕ ಎಷ್ಟು ಹೇಳಿದರೂ "ಉಗಾದಿಗೆ ಬಿಟ್ಕೊಡ್ಲಿ" ಎಂಬುದೊಂದೇ ಮಾತು.

ಬಸ್ಸು ಹೊಳಲ್ಕೆರೆ ದಾಟುವಾಗ ಅಜ್ಜಿ ನನ್ನ ಕೈ ಹಿಡಿದುಕೊಂಡರು. ಆಮೇಲೆ, "ಈ ನಾಲಿಗೆಗೂ ಪಟ್ಟಿ ಕಟ್ಟಿಸಬೇಕಿತ್ತು ಕಣೇ" ಎಂದು ಅತ್ತರು. ಅವರನ್ನು ಸಮಾಧಾನ ಮಾಡುವುದರಲ್ಲಿ ನನಗೆ ಅಳಲು ಆಗಲಿಲ್ಲ.

ಫೆಬ್ರವರಿ ೧೭, ಮಂಗಳವಾರ

ಕಲ್ಲುಬೆಂಚು ಹಾಕಿದ್ದಾರೆ. ಹುಣಸೆ ಸಸಿಯನ್ನೂ ನೆಟ್ಟು ಮುಳ್ಳು ಕಟ್ಟಿದ್ದಾರೆ. ಮನೆಯೊಳಗೆ ಬೆಳಕು ಸಾಲದು, ಅದಕ್ಕೆ ಕಾಜಾ ಹೊಲಿಯಲು ಬೆಂಚಿನ ಮೇಲೆ ಕೂರುತ್ತೇನೆ. ಬಟ್ಟೆ ಕೊಡುವವರೂ ಅಲ್ಲಿಗೇ ಬರುತ್ತಾರೆ. ಉಳಿದ ದಿನಗಳಲ್ಲಿ ಆದಷ್ಟು ಹೊಲಿದು ಮುಗಿಸಬೇಕು. ಯಾರ ಬಟ್ಟೆಯೂ ನನ್ನ ಹತ್ತಿರ ಉಳಿಯಬಾರದು.

ಇವತ್ತು ಒಬ್ಬ ಬೈಕಿನವನು ಕಸದ ಚೀಲ ತಂದು ಸಸಿಯ ಬುಡಕ್ಕೇ ಎಸೆದ. ಕತ್ತರಿ ಹಿಡಿದೇ ಎದ್ದು ನಿಂತು ಕೂಗಿದೆ. "ಲೇ, ಎತ್ಕಳೋ ಅದನ್ನ! ಯಾವ ಓಣಿಯೋನು ನೀನು?" ಪಾಪ, ತೆಪ್ಪಗೆ ಎತ್ತಿಕೊಂಡು ಹೋದ. ಕತ್ತರಿಗೆ ಹೆದರಿದನೋ ಏನೋ. ಆಮೇಲೆ ಹಾಕಿದ ಕಾಜಾ ಎಲ್ಲ ಓರೆಯಾಯಿತು.

ಹಿರಿಯೂರಿನಲ್ಲಿ ಇವರು ಒಂದು ಮನೆ ನೋಡಿದ್ದಾರಂತೆ. ಹೈವೇ ಪಕ್ಕ. ಎದುರಿಗೆ ಬರೀ ಲಾರಿಗಳು.

ಮಾರ್ಚ್ ೩, ಮಂಗಳವಾರ

ಬೃಂದಾಳ ಪರೀಕ್ಷೆ ನಡೆಯುತ್ತಿದೆ. ಅವಳು ಬರುವವರೆಗೆ ನೀರೂ ಇಳಿಯುವುದಿಲ್ಲ. ಬೆಂಚಿನ ಮೇಲೆ ಕೂತು ಓಣಿಯ ತಿರುವಿನ ಕಡೆ ನೋಡುತ್ತಿರುತ್ತೇನೆ. ಮಲೀಕಾಗೆ ರಂಜಾನ್ ಉಪವಾಸ, ಅವಳೂ ಬಂದು ಪಕ್ಕದಲ್ಲಿ ಕೂರುತ್ತಾಳೆ. ಇಬ್ಬರೂ ಒಣಗಿದ ಬಾಯಲ್ಲಿ ಸುಮ್ಮನೆ ಕೂತಿರುತ್ತೇವೆ.

ಇವತ್ತು ಇದ್ದಕ್ಕಿದ್ದಂತೆ ಹೇಳಿದಳು: "ಅಕ್ಕ, ಯಜಮಾನ್ರು ಬೋರ್ಡು ಬರಿಯೋ ಮನೆ ಖಾಲಿ ಮಾಡ್ತಿದಾರೆ."

"ಯಾಕೆ? ಮಾರ್ತೀರಾ?"

"ಅಯ್ಯೋ, ನಿಮಗೇ ಅಕ್ಕ."

ಅವರ ಮನೆಗೆ ಅಂಟಿಕೊಂಡಿರುವ ಎರಡು ಕೋಣೆ ಅದು. ಮುರಿದ ಬೋರ್ಡು, ಬಣ್ಣದ ಡಬ್ಬಿಗಳಿಂದ ತುಂಬಿಹೋಗಿತ್ತು. ಸಲೀಂ ಭಾಯಿ ಒಂದು ವಾರದಿಂದ ಒಬ್ಬರೇ ಖಾಲಿ ಮಾಡುತ್ತಿದ್ದರಂತೆ. ನನಗೆ ಹೇಳಿದರೆ ನಾನು ಬೇಡ ಅನ್ನುತ್ತೇನೆಂದು ಹೇಳಿರಲಿಲ್ಲ. ಹೇಳಿದ್ದರೆ ಅಂದೇ ಅನ್ನುತ್ತಿದ್ದೆ.

ಈಗ ಬೇರೆ ಚಿಂತೆ ಶುರುವಾಗಿದೆ. ಬಾಡಿಗೆಯವರು ಮಾಲೀಕರ ಪಕ್ಕದ ಗೋಡೆಯಲ್ಲೇ ಇದ್ದರೆ ಮನಸ್ತಾಪ ಬರುವುದಿಲ್ಲವೇ? ಮೆಷಿನ್ ಸದ್ದಿಗೆ ಅವರಿಗೆ ತೊಂದರೆಯಾದರೆ? ಅತ್ತಿಗೆ ಫೋನಿನಲ್ಲಿ "ಅವರ ಮನೆಗೇ ಹೋಗಬೇಕಾ, ಬೇರೆ ಸಿಗಲಿಲ್ವಾ?" ಎಂದು ರಾಗ ಎಳೆದರು. "ಬೇರೆ ಓಣಿಯಲ್ಲಿ ಸಿಗ್ತಿತ್ತು" ಎಂದು ಇಟ್ಟುಬಿಟ್ಟೆ. ಇವರು ಏನನ್ನುತ್ತಾರೋ ಎಂದು ಹೆದರಿದ್ದೆ. "ಮತ್ತೆ ನಂಗೆ ಬಸ್ಸು ತಪ್ಪಲಿಲ್ಲ" ಎಂದು ನಕ್ಕರು.

ಮಾರ್ಚ್ ೧೮, ಬುಧವಾರ

ಸಾಗಿಸಿದೆವು. ಲಾರಿ ಬೇಕಾಗಲಿಲ್ಲ. ಇಡೀ ಓಣಿ ಕೈಯಲ್ಲೇ ಹೊತ್ತಿತು. ಬೀರುವನ್ನು ನಾಲ್ಕು ಜನ ಎತ್ತಿಕೊಂಡು ಬರುವಾಗ ಏಕಾಂತಮ್ಮಜ್ಜಿ ಕೋಲು ಬೀಸಿ ದಾರಿ ಬಿಡಿಸುತ್ತಿದ್ದರು. ಮಲೀಕಾ ನೀರೂ ಕುಡಿಯದೆ ಪಾತ್ರೆ ಹೊತ್ತಳು, ಬೇಡ ಎಂದರೆ ಬೈದಳು.

ಕೊನೆಗೆ ಖಾಲಿ ಮನೆಯಲ್ಲಿ ಒಬ್ಬಳೇ ನಿಂತೆ. ಎಲ್ಲೂ ಒಂದು ತೂತಿಲ್ಲ, ಗೀರಿಲ್ಲ. ನಾವು ಅಲ್ಲಿದ್ದೆವು ಎಂದು ಹೇಳಲು ಒಳಗೆ ಏನೂ ಇರಲಿಲ್ಲ.

ಮಾರ್ಚ್ ೧೯, ಗುರುವಾರ. ಉಗಾದಿ

ಹಾಲು ಉಕ್ಕಿಸಿದೆ. ಎಲ್ಲಿ ಉಕ್ಕುವುದಿಲ್ಲವೋ ಎಂಬ ಹೆದರಿಕೆಗೆ ಉರಿ ಜೋರು ಮಾಡಿ ಒಲೆಯೆಲ್ಲ ಹಾಲಾಯಿತು. ಬೇವುಬೆಲ್ಲ ಕೊಡಲು ಹೊರಟಾಗ ಸಲೀಂ ಭಾಯಿ ಸುತ್ತಿಗೆ, ಒಂದು ಮುಷ್ಟಿ ಮೊಳೆ ತಂದು ಬಾಗಿಲಲ್ಲಿಟ್ಟು ಹೋದರು.

"ಎಲ್ಲಿ ಹೊಡೀಲಿ ಮಲೀಕಾ?" ಎಂದೆ.

"ಎಲ್ಲಿ ಬೇಕಾದ್ರೂ ಹೊಡೀರಕ್ಕ. ಗೋಡೆ ಏನು ಅಳುತ್ತಾ?"

ಮೊದಲನೆಯದು ಬಗ್ಗಿತು. ಎರಡನೆಯದು ಹೆಬ್ಬೆರಳಿಗೆ ಬಿತ್ತು. ಮೂರನೆಯದು ನಿಂತಿತು. ಮದುವೆ ಫೋಟೋ ಹಾಕಿದೆವು. ಇವರ ಮೀಸೆ ಅದರಲ್ಲಿ ಎಷ್ಟು ದಪ್ಪ ಇದೆ! ಬೃಂದಾ ಅದನ್ನು ಗೋಡೆಯ ಮೇಲೆ ನೋಡಿದ್ದು ಇದೇ ಮೊದಲು. ಸ್ವಲ್ಪ ಓರೆಯಾಗಿದೆ, ಇರಲಿ.

ಏಪ್ರಿಲ್ ೫, ಭಾನುವಾರ

ರಿಸಲ್ಟ್ ಇನ್ನೂ ಬಂದಿಲ್ಲ. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಪ್ರಾಣ ಹಿಂಡುತ್ತಾರೆ.

ಮೂರ್ತಪ್ಪನವರು ಆ ಮನೆಗೆ ಹೊಸ ಬಣ್ಣ ಹೊಡೆಸಿ 'ಮನೆ ಬಾಡಿಗೆಗೆ ಇದೆ' ಎಂದು ಬೋರ್ಡು ಹಾಕಿದ್ದಾರೆ. ಇವತ್ತು ಫೋನ್ ಮಾಡಿದ್ದರು. ಅವರ ಹೆಸರು ನೋಡಿ ಹಳೆಯ ಅಭ್ಯಾಸಕ್ಕೆ ಎದೆ ಧಸಕ್ಕೆಂದಿತು.

"ಶೋಭಮ್ಮ, ಮನೆ ನೋಡಾಕೆ ಬಂದೋರೆಲ್ಲ ನಂಗೆ ಫೋನ್ ಮಾಡಿ, ಶೋಭಾರಾಣಿ ಮನೆ ಖಾಲಿ ಐತಂತಲ್ಲ ಅಂತಾರೆ. ಓಣಿಯಾಗೆ ಯಾರನ್ನ ಕೇಳಿದ್ರೂ ಹಂಗೇ ಹೇಳ್ತಾರಂತೆ. ಮೂರ್ತಪ್ಪನ ಮನೆ ಅಂದ್ರೆ ಒಬ್ರಿಗೂ ಗೊತ್ತಿಲ್ವಂತೆ!"

"ನಾನೇನು ಮಾಡ್ಲಿ ಯಜಮಾನ್ರೇ?" ಎಂದೆ.

"ನೀನೇನೂ ಮಾಡ್ಬ್ಯಾಡ. ಕೀಲಿ ನಿನ್ ಹತ್ರ ಕೊಟ್ಟಿರ್ತೀನಿ, ಬಂದೋರಿಗೆ ತೋರ್ಸು. ನಿನ್ನ ಬಿಟ್ಟು ಅಲ್ಲಿ ಯಾರನ್ನ ನಂಬ್ಲಿ?" ಎಂದರು. ಸಂಜೆಗೇ ಮಗನ ಕೈಯಲ್ಲಿ ಕೀಲಿ ಬಂತು, ಜೊತೆಗೆ ಒಂದು ಚೀಲ ತೆಂಗಿನಕಾಯಿ. ಅಜ್ಜಿಗೆ ಎರಡು ಕೊಟ್ಟೆ.

ಏಪ್ರಿಲ್ ೧೨, ಭಾನುವಾರ

ಮನೆ ನೋಡಲು ಹರಿಯಬ್ಬೆ ಕಡೆಯ ಒಬ್ಬ ಹುಡುಗಿ ಬಂದಿದ್ದಳು. ರೇಣುಕಾ ಅಂತೆ. ಗಂಡನಿಗೆ ಇಲ್ಲಿ ಬ್ಯಾಂಕಿನಲ್ಲಿ ಕೆಲಸ, ಕಂಕುಳಲ್ಲಿ ಕೂಸು. ಒಂದು ಭುಜ ಎತ್ತರ, ಕೂಸು ಹೊತ್ತೂ ಹೊತ್ತೂ ಹಾಗಾಗಿರಬೇಕು. ಕೀಲಿ ತೆಗೆದು ತೋರಿಸಿದೆ. ಹೊಸ ಬಣ್ಣದ ಕೆಳಗಿನಿಂದ ಅಕ್ಷರ ಇನ್ನೂ ತೆಳ್ಳಗೆ ಕಾಣುತ್ತದೆ, ಬಿಸಿಲು ಓರೆಯಾಗಿ ಬಿದ್ದರೆ ಓದಲೂಬಹುದು. ನೀರು ಯಾವ ದಿನ ಬರುತ್ತದೆ, ಅಡುಗೆಮನೆಯ ಯಾವ ಕಲ್ಲು ಅಲುಗಾಡುತ್ತದೆ ಎಲ್ಲ ಹೇಳಿದೆ. ಮೊಳೆ ಮಾತ್ರ ಹೊಡೆಯಬೇಡ, ಯಜಮಾನರಿಗೆ ಆಗುವುದಿಲ್ಲ, ಫೋಟೋ ಇದ್ದರೆ ತಂದು ನನ್ನ ಗೋಡೆಗೆ ಹಾಕು ಎಂದೆ. ನಕ್ಕಳು. ಮನೆ ಒಪ್ಪಿಗೆಯಾಯಿತು.

ಹೊರಡುವಾಗ, "ಹೆಸರು ಹೆಂಗೆ ಬರೀಬೇಕು, ರೇಣುಕಾ ಅಂತಲೋ ರೇಣುಕಮ್ಮ ಅಂತಲೋ? ಗೋಡೆಗೆ ಬರಿಯಲ್ಲ, ಹೆದರಬೇಡ. ಈಗ ತಗಡಿನ ಬೋರ್ಡು ಮಾಡಿ ಕಿಟಕಿಗೆ ಕಟ್ತೀವಿ" ಎಂದು ಕೇಳಿದೆ.

"ನಮಗ್ಯಾಕಕ್ಕ ಅದೆಲ್ಲ" ಎಂದಳು. "ನಾವು ಬಾಡಿಗೆಯೋರು."

ಎಂಥಾ ಸಿಟ್ಟು ಬಂತು! ಬಾಡಿಗೆಯವರಾದರೆ ಹೆಸರಿಲ್ಲವೇ? ನಾಳೆ ಕೂಸಿಗೆ ಜ್ವರ ಬಂದು ಗಾಡಿ ಕರೆಸಿದರೆ ಏನೆಂದು ಹುಡುಕಿಕೊಂಡು ಬರಬೇಕು? ನಮ್ಮ ಓಣಿಯಲ್ಲಿ ಇಂಥ ಮಾತು ನಡೆಯುವುದಿಲ್ಲ ಎಂದು ಚೆನ್ನಾಗಿ ಬೈದು ಕಳಿಸಿದೆ. ಈಗಿನ ಹುಡುಗಿಯರಿಗೆ ಇದನ್ನೆಲ್ಲ ಯಾರು ಹೇಳಿಕೊಡುತ್ತಾರೋ ಕಾಣೆ. ಸಲೀಂ ಭಾಯಿಗೆ ಹೇಳಿ ಬಂದಿದ್ದೇನೆ, ನಾಳೆ ಬರೆಯುತ್ತಾರೆ. ಬರೀ ರೇಣುಕಾ.